ಬೀಜದ ಕಾರ್ಡು ಒಂದೇ ಇತ್ತು

ಹಾವೇರಿ
6 ಜುಲೈ 2024, ಶನಿವಾರ

ಮಾಂತೇಶ ಅವರಿಗೆ, ವಸತಿಶಾಲೆಯಲ್ಲಿ ನಿಮ್ಮ ಭುವನಾಳಿಗೆ ಪಾಠ ಹೇಳುವ ಪುಷ್ಪಲತಾ ಮಾಡುವ ನಮಸ್ಕಾರ.

ವಾಟ್ಸಾಪಿನಲ್ಲಿ ನಿಮ್ಮ ಮಗಳ ಫೋಟೊ ಕಳಿಸಿ ಕಳಿಸಿ ಸಾಕಾಯಿತು. ನೀಲಿ ಗೆರೆಗಳು ಬೀಳುತ್ತವೆ, ಉತ್ತರ ಮಾತ್ರ ಇಲ್ಲ. ಫೋನು ಮಾಡಿದರೆ ನಿಮ್ಮ ಮೋಟರ್ ರಿವೈಂಡಿಂಗ್ ಅಂಗಡಿಯ ಗದ್ದಲದಲ್ಲಿ "ಏನ್ರಿ? ಏನಂದ್ರಿ?" ಎನ್ನುವುದಷ್ಟೇ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಶನಿವಾರ ಮಗಳನ್ನು ಬ್ಯಾಡಗಿಗೆ ಕರೆದೊಯ್ಯಲು ಬರುವ ನಿಮ್ಮ ಶ್ರೀಮತಿ ನಾಗಲಕ್ಷ್ಮಿಯವರ ಕೈಯಲ್ಲೇ ಕೊಡುತ್ತಿದ್ದೇನೆ. ನೀವು ಓದಿದಿರೋ ಇಲ್ಲವೋ ಎಂದು ಸೋಮವಾರ ಅವರನ್ನೇ ಕೇಳುತ್ತೇನೆ, ತಪ್ಪಿಸಿಕೊಳ್ಳುವಂತಿಲ್ಲ.

ಹೋದ ತಿಂಗಳು ನೀವು ಇಲ್ಲಿ ಬಂದಾಗ ಒಂದು ಮಾತು ಅಂದಿದ್ದಿರಿ. "ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ, ಎಡಗೈ ಏಳಂಗಿಲ್ಲ, ಹೇಳಿದ್ದು ತಲಿಗೂ ಹತ್ತಂಗಿಲ್ಲ. ಇಂಥಾಕಿಗೆ ವಿಜ್ಞಾನ ಯಾಕ್ರಿ ಅಕ್ಕೋರೆ? ಉಣ್ಣೂದು ಉಡೂದು ಕಲಿಸ್ರಿ, ಸಾಕು." ಅವತ್ತೇ ಉತ್ತರ ಕೊಡಬಹುದಿತ್ತು. ನನ್ನ ಬಾಯಿ ಸ್ವಲ್ಪ ಚುರುಕು, ಅದಕ್ಕೆ ಸುಮ್ಮನಿದ್ದೆ. ಈಗ ನಿಮ್ಮ ಮಗಳೇ ಉತ್ತರ ಕೊಟ್ಟಿದ್ದಾಳೆ, ಕೇಳಿ.

ನಮ್ಮ ತರಗತಿಯ ಗೋಡೆಗೆ ಒಂದು ಹಲಗೆ ಇದೆ. ಅದರ ಮೇಲೆ ದೊಡ್ಡ ದುಂಡು, ದುಂಡಿನುದ್ದಕ್ಕೂ ಬಾಣಗಳು. ಬಾಣದ ತುದಿಗೊಂದು ಕಾರ್ಡು ಅಂಟಿಸುವ ಜಾಗ. ಬೀಜ, ಮಣ್ಣು, ನೀರು, ಮೊಳಕೆ, ಗಿಡ, ಹೂ, ಕಾಯಿ, ಎಲ್ಲಕ್ಕೂ ಚಿತ್ರವಿದೆ. ಮುಟ್ಟಿ ತಿಳಿಯಲಿ ಎಂದು ಮಣ್ಣಿನ ಕಾರ್ಡಿಗೆ ನಿಜವಾದ ಮಣ್ಣನ್ನೇ ಅಂಟಿಸಿದ್ದೇನೆ. ಹೇಳಿ ಕಲಿಸಲಾಗದ್ದನ್ನು ಹೀಗೆ ಕಣ್ಣಿಗೂ ಕೈಗೂ ಕಲಿಸುತ್ತೇವೆ. ಸರಿಯಾಗಿ ಅಂಟಿಸಿದರೆ ನಾನು ಹೆಬ್ಬೆರಳು ಎತ್ತುತ್ತೇನೆ. ಆ ಒಂದು ಹೆಬ್ಬೆರಳಿಗೆ ನಿಮ್ಮ ಮಗಳು ಊಟವನ್ನೂ ಬಿಡುತ್ತಾಳೆ.

ನಾನು ದಿನವೂ ರಾಣೆಬೆನ್ನೂರಿನಿಂದ ಬಸ್ಸಿಗೆ ಬರುವವಳು. ಅಲ್ಲಿ ಬೀಜದ ಅಂಗಡಿಗಳಿಗೇನು ಬರವೇ, ಅಲಸಂದಿ ತಂದೆ. ಭುವನಾ ತಾನೇ ಕುಂಡದಲ್ಲಿ ಊರಿದಳು, ನೀರು ಹಾಕಿದಳು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಬೀಜ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಾಳೆ. ಮೊಳಕೆ ಬಂತೋ ಇಲ್ಲವೋ ಎಂಬ ಅವಸರ. ಕಣ್ಣು ಬಿಟ್ಟು ಗದರಿದೆ, ಮತ್ತೆ ಊರಿದಳು. ಈ ಗುರುವಾರ ಮೊಳಕೆ ಬಂತು. ಯಾರೂ ಹೇಳದೆ ಹಲಗೆಯ ಹತ್ತಿರ ಹೋಗಿ ಮೊಳಕೆಯ ಕಾರ್ಡನ್ನು ಅದರ ಜಾಗದಲ್ಲಿ ಅಂಟಿಸಿದಳು.

ಇದಕ್ಕೆ ವಿಜ್ಞಾನ ಅನ್ನುತ್ತಾರೆ.

ಪುಷ್ಪಲತಾ

*

ಬ್ಯಾಡಗಿ
8 ಜುಲೈ 2024

ಅಕ್ಕೋರಿಗೆ ನಮಸ್ಕಾರ.

ಕಾಗದ ಓದಿದೆ. ನಾಗಲಕ್ಷ್ಮಿ ಎರಡು ಸಲ ಓದಿಸಿದಳು. ನನಗೆ ಫೋಟೊಗೆ ಏನು ಉತ್ತರ ಬರೆಯಬೇಕು ಎಂದು ತಿಳಿಯುವುದಿಲ್ಲ, ಅದಕ್ಕೆ ಬರೆದಿರಲಿಲ್ಲ. ಸಿಟ್ಟು ಬೇಡ.

ನಾವು ಹದಿಮೂರು ವರ್ಷದಲ್ಲಿ ತಿರುಗದ ದವಾಖಾನೆ ಇಲ್ಲ, ಹರಕೆ ಹೊರದ ದೇವರಿಲ್ಲ. ಪ್ರತಿಸಲವೂ ಯಾರೋ ಒಬ್ಬರು ಆಸೆ ಹಚ್ಚುತ್ತಾರೆ. ನಾಗಲಕ್ಷ್ಮಿ ನಂಬುತ್ತಾಳೆ, ಆಮೇಲೆ ಒಂದು ವಾರ ಉಣ್ಣುವುದಿಲ್ಲ. ಅವಳನ್ನು ಸಮಾಧಾನ ಮಾಡುವವನು ನಾನು. ಅದಕ್ಕೆ ಹಾಗೆ ಅಂದೆ. ಈಗ ಅವಳು ನಿಮ್ಮನ್ನು ನಂಬಿದ್ದಾಳೆ, ಅಡಿಗೆಮನೆಯ ಬಾಗಿಲಿಗೆ ನಿಮ್ಮ ಹಲಗೆಯಲ್ಲಿರುವಂಥದ್ದೇ ಒಂದು ದುಂಡು ಬರೆದಿದ್ದಾಳೆ. ನೋಡಿಕೊಂಡು ಕಲಿಸಿರಿ.

ಮಾಂತೇಶ

*

ಹಾವೇರಿ
31 ಆಗಸ್ಟ್ 2024, ಶನಿವಾರ

ಮಾಂತೇಶ ಅವರಿಗೆ,

ಅಲಸಂದಿ ಕಾಯಿ ಬಿಟ್ಟಿತು, ಒಣಗಿತು. ಭುವನಾ ಬಲಗೈಯಲ್ಲಿ ಹಿಡಿದು ಹಲ್ಲಿನಿಂದ ಸಿಪ್ಪೆ ಸೀಳಿದಳು. ಒಳಗೆ ಬೀಜ ಕಂಡಾಗ ಅವಳ ಗಂಟಲಿನಿಂದ ಬಂದ ಸದ್ದು ಕೇಳಿ ನಮ್ಮ ಆಯಾ ಮಹಮೂದಾಬೇಗಂ ಅಡಿಗೆಮನೆಯಿಂದ ಓಡಿಬಂದರು. "ಏನಾತ್ರಿ ಅಕ್ಕೋರೆ, ಬಿದ್ದಳೇನು?" ಎಂದರು. ಬಿದ್ದಿರಲಿಲ್ಲ, ನಗುತ್ತಿದ್ದಳು.

ಆಮೇಲೆ ಅವಳು ಮಾಡಿದ್ದು ನೋಡಿ. ದುಂಡಿನ ಮೇಲ್ಗಡೆ, ಮೊದಲಿನ ಜಾಗದಲ್ಲಿದ್ದ ಬೀಜದ ಕಾರ್ಡನ್ನು ಕಿತ್ತು, ಒಂದೊಂದೇ ಬಾಣದ ಮೇಲೆ ನಡೆಸಿ, ಮಣ್ಣು ದಾಟಿಸಿ, ಗಿಡ ದಾಟಿಸಿ, ಕಾಯಿ ದಾಟಿಸಿ, ತಂದು ಮತ್ತೆ ಅದೇ ಜಾಗದಲ್ಲಿ ಅಂಟಿಸಿದಳು. ಹೋದದ್ದು ತಿರುಗಿ ಬಂತು! ನಾನು ಒಂದಲ್ಲ, ಎರಡೂ ಹೆಬ್ಬೆರಳು ಎತ್ತಿದೆ. ಹೊರಗೆ ಕಾಯುತ್ತಿದ್ದ ನಾಗಲಕ್ಷ್ಮಿಯವರನ್ನು ಕರೆದು ಇನ್ನೊಮ್ಮೆ ಮಾಡಿಸಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತರು.

ಹೋದ ವಾರ ಶಿಕ್ಷಕರ ತರಬೇತಿಯಲ್ಲಿ ಈ ಹಲಗೆಯನ್ನು ತೋರಿಸಿದ್ದೆ. ಚಪ್ಪಾಳೆ ತಟ್ಟಿದರು. ಜಂಬ ಅಂದುಕೊಂಡರೂ ಪರವಾಗಿಲ್ಲ, ನನಗೆ ಜಂಬ ಬಂದಿದೆ.

ಪುಷ್ಪಲತಾ

*

ಹಾವೇರಿ
28 ಸೆಪ್ಟೆಂಬರ್ 2024

ಮಾಂತೇಶ ಅವರೆ,

ನಾಗಲಕ್ಷ್ಮಿಯವರು ತೀರಿಕೊಂಡ ಸುದ್ದಿ ತಿಳಿಸಿದ್ದು ಮಹಮೂದಾಬೇಗಂ. ಅವರ ಮನೆಯೂ ಬ್ಯಾಡಗಿಯಲ್ಲೇ ತಾನೆ. ನಾನು ನಂಬಲಿಲ್ಲ, ಬೇರೆ ಯಾರೋ ನಾಗಲಕ್ಷ್ಮಿ ಇರಬೇಕು ಎಂದು ವಾದ ಮಾಡಿದೆ. ಹಿಂದಿನ ಶನಿವಾರವಷ್ಟೇ ನನಗೆ ಶೇಂಗಾ ಹೋಳಿಗೆ ತಂದುಕೊಟ್ಟು ಹೋಗಿದ್ದರು.

ಫೋನು ಮಾಡಿದೆ. ನೀವು ಎತ್ತಲಿಲ್ಲ, ಎತ್ತಬೇಕಾಗಿಯೂ ಇಲ್ಲ.

ಭುವನಾ ಎಲ್ಲಿದ್ದಳು? ಅವಳು ಏನೇನು ನೋಡಿದಳು? ಅವಳಿಗೆ ಯಾರು, ಹೇಗೆ ತಿಳಿಸಿದರು? ಇವನ್ನು ಈಗ ಕೇಳುವುದು ಒರಟುತನ. ಆದರೂ ನಾನು ಅವಳ ಟೀಚರು, ಕೇಳಲೇಬೇಕು. ದಸರಾ ರಜೆ ಮುಗಿದ ಮೇಲಾದರೂ ಬರೆಯಿರಿ. ಇನ್ನು ಮೇಲೆ ಶನಿವಾರ ಕರೆದೊಯ್ಯುವುದು, ಸೋಮವಾರ ಕರೆತರುವುದು ಎಲ್ಲ ತಾವೇ ಮಾಡುವುದಾಗಿ ಮಹಮೂದಾಬೇಗಂ ಹೇಳಿದ್ದಾರೆ.

ನಿಮ್ಮ ದುಃಖದಲ್ಲಿ ನಿಮ್ಮೊಂದಿಗಿರುವ,
ಪುಷ್ಪಲತಾ

*

ಬ್ಯಾಡಗಿ
21 ಅಕ್ಟೋಬರ್ 2024

ಅಕ್ಕೋರಿಗೆ,

ತಲೆನೋವು ಅಂತ ಕುಳಿತವಳು ಏಳಲಿಲ್ಲ. ಹುಬ್ಬಳ್ಳಿಗೆ ಒಯ್ದೆವು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ಅಷ್ಟೇ.

ಕಾಗಿನೆಲೆ ರಸ್ತೆಯ ನಮ್ಮ ಹೊಲದಲ್ಲಿ ಅಪ್ಪನ ಮಗ್ಗುಲಿಗೆ ಮಣ್ಣು ಮಾಡಿದೆವು. ನಮ್ಮಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಭುವನಾಳನ್ನು ಮನೆಯಲ್ಲೇ ಬಿಡಬೇಕು ಎಂದೆ. ನಮ್ಮವ್ವ ನೀಲಗಂಗವ್ವ ಕೇಳಲಿಲ್ಲ. "ಹಡದವ್ವನ ಮಾರಿ ಕಡೀಕ ನೋಡ್ಲೋ ಯಪ್ಪಾ, ಬಿಟ್ಟು ಹೋಗಬ್ಯಾಡ" ಅಂದಳು. ಕುಣಿಯ ಅಂಚಿನಲ್ಲಿ ನಿಲ್ಲಿಸಿಕೊಂಡಿದ್ದೆವು. ವಿಭೂತಿ ಹಾಕಿದ್ದು, ಪತ್ರಿ ಹಾಕಿದ್ದು, ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದ್ದು ನೋಡಿದಳು. ತಾನೂ ಒಂದು ಹಿಡಿ ಹಾಕಿದಳು. ಅಳಲಿಲ್ಲ. ಊರೆಲ್ಲ ಅಳುತ್ತಿದ್ದರೆ ಇವಳೊಬ್ಬಳು ಎಲ್ಲರ ಮುಖ ನೋಡುತ್ತ ನಿಂತಿದ್ದಳು. ಮೂರನೇ ದಿನ ಹಾಲುತುಪ್ಪ ಬಿಡಲು ಹೋದಾಗ ತಂಬಿಗೆ ನನ್ನ ಕೈಯಿಂದ ಕಸಿದುಕೊಂಡು ತಾನೇ ಹೊಯ್ದಳು.

ಅವತ್ತಿನಿಂದ ಒಂದೇ ಹಟ. ಎಣ್ಣೆಯ ಖಾಲಿ ಕ್ಯಾನಿಗೆ ನೀರು ತುಂಬಿ ನನ್ನ ಅಂಗಿ ಹಿಡಿದು ಎಳೆಯುತ್ತಾಳೆ. ಗಾಡಿಯ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತೇನೆ. ಅವ್ವನ ಸಮಾಧಿಯ ಗದ್ದುಗೆಯ ಮೇಲೆ ನೀರು ಹಾಕುತ್ತಾಳೆ, ಬರುತ್ತೇವೆ. ದಾರಿಯಲ್ಲಿ ನೋಡಿದವರು "ಮಾತು ಬರದಿದ್ರೂ ಅವ್ವನ ಮ್ಯಾಲ ಮಾಯಾ ಎಷ್ಟೈತಿ ನೋಡ್ರಿ" ಅನ್ನುತ್ತಾರೆ. ನಮ್ಮವ್ವ ಹೇಳುತ್ತಾಳೆ, "ಆಕಿಗೆ ಎಲ್ಲಾ ತಿಳದೈತಿ."

ನೀವು ಕೇಳಿದಿರಿ, ಹೇಗೆ ತಿಳಿಸಿದಿರಿ ಎಂದು. ಯಾರೂ ತಿಳಿಸಲಿಲ್ಲ. ನನಗೆ ತಿಳಿಸಿದವರು ಯಾರು?

ಮಾಂತೇಶ

*

ಹಾವೇರಿ
9 ನವೆಂಬರ್ 2024, ಶನಿವಾರ

ಮಾಂತೇಶ ಅವರಿಗೆ,

ಭುವನಾ ಚೆನ್ನಾಗಿದ್ದಾಳೆ. ಅವಳು ಅಳುತ್ತಾಳೆ, ಮಂಕಾಗುತ್ತಾಳೆ ಎಂದು ನಾನೂ ಆಯಾನೂ ತಯಾರಾಗಿದ್ದೆವು, ಹಾಗೇನೂ ಆಗಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಹಲಗೆಗೆ ಬರುತ್ತಾಳೆ. ಯಾವ ದಿನ ಯಾರು ಬರುತ್ತಾರೆಂದು ತೋರಿಸುವ ವಾರದ ಪಟ್ಟಿಯಲ್ಲಿ ಶನಿವಾರದ ಜಾಗಕ್ಕೆ ಅವರವ್ವನ ಫೋಟೊ ಇತ್ತು. ನಾನು ಅದನ್ನು ಮೆಲ್ಲಗೆ ತೆಗೆದು ಮಹಮೂದಾಬೇಗಂ ಅವರದನ್ನು ಹಚ್ಚಿದೆ. ನೋಡಿದಳು, ಗಲಾಟೆ ಮಾಡಲಿಲ್ಲ. ಅವ್ವನ ಫೋಟೊ ಮಾತ್ರ ಇಸಿದುಕೊಂಡು ಚೀಲದಲ್ಲಿ ಇಟ್ಟುಕೊಂಡಳು. ಹೋಗುವಾಗ ಬೀಜದ ಪಾಠದ ಕಾರ್ಡುಗಳನ್ನೂ ಕೇಳಿದಳು, ಕೊಟ್ಟು ಕಳಿಸಿದ್ದೇನೆ. ಮನೆಯಲ್ಲಿ ಆಡಲಿ.

ಮಗು ಹೀಗಿರುವುದು ಕಂಡು ಒಂದೊಂದು ಸಲ ಅನಿಸುತ್ತದೆ, ಪೂರ್ತಿ ತಿಳಿಯದೇ ಇರುವುದೂ ಒಂದು ಪುಣ್ಯವೇ. ನಿಮ್ಮನ್ನೂ ಯಾರಾದರೂ ಊಟಕ್ಕೆ ಎಬ್ಬಿಸುತ್ತಾರೆಂದು ನಂಬಿದ್ದೇನೆ.

ಪುಷ್ಪಲತಾ

*

ಬ್ಯಾಡಗಿ
18 ನವೆಂಬರ್ 2024

ಪುಷ್ಪಲತಾ ಅಕ್ಕೋರೆ,

ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆಯೋಣ ಎಂದು ನಿನ್ನೆಯಿಂದ ಕಾದೆ, ತಣ್ಣಗಾಗಲಿಲ್ಲ.

ನಿನ್ನೆ ಹೊಲಕ್ಕೆ ನಮ್ಮವ್ವನೂ ಬಂದಿದ್ದಳು. ಭುವನಾ ನೀರು ಹಾಕಿದಳು. ನಾನು ಬದುವಿನ ಕಡೆ ಹೋಗಿದ್ದೆ. ಅವ್ವ ಕೂಗಿದಳು, "ಯಪ್ಪಾ, ಲಗೂ ಬಾರೋ, ಹುಡುಗಿ ಮಣ್ಣ ಕೆದರಾಕತ್ತೈತಿ." ಓಡಿಬಂದೆ. ಬಲಗೈಯಲ್ಲಿ ಗದ್ದುಗೆಯ ಮಣ್ಣು ಬಗೆಯುತ್ತಿದ್ದಳು. ಮೊಣಕೈತನಕ ಹೋಗಿತ್ತು ಕೈ. ಎಳೆದು ಒಂದು ಏಟು ಹಾಕಿದೆ. ಇಷ್ಟು ವರ್ಷದಲ್ಲಿ ಅವಳ ಮೈಮೇಲೆ ಕೈ ಮಾಡಿದ್ದು ಅದೇ ಮೊದಲು.

ಅವಳು ಹೆದರಲಿಲ್ಲ. ನಾನೇ ದಡ್ಡ, ನನಗೇ ಏನೂ ಗೊತ್ತಿಲ್ಲ ಎನ್ನುವ ಹಾಗೆ ನನ್ನನ್ನು ನೋಡಿದಳು. ಚೀಲದಿಂದ ನಿಮ್ಮ ಕಾರ್ಡು ತೆಗೆದು ಗದ್ದುಗೆಯ ಮೇಲೆಯೇ ದುಂಡಗೆ ಹೊಂದಿಸಿದಳು. ಮಣ್ಣು. ನೀರು. ಮೊಳಕೆ. ಗಿಡ. ಬೀಜದ ಜಾಗದಲ್ಲಿ ನಾಗಲಕ್ಷ್ಮಿಯ ಫೋಟೊ. ಅದನ್ನು ಬೆರಳಿನಿಂದ ದುಂಡಿನ ಸುತ್ತ ನಡೆಸಿಕೊಂಡು ಬಂದು ಮತ್ತೆ ಮೊದಲಿನ ಜಾಗಕ್ಕೆ ಇಟ್ಟು, ನನ್ನ ಮುಖ ನೋಡಿ ನಕ್ಕಳು. ಹೆಬ್ಬೆರಳು ಎತ್ತಲಿ ಎಂದು ಕಾದಳು.

ನಮ್ಮವ್ವ ಸೆರಗಿನಿಂದ ಅವಳ ಕೈಯ ಮಣ್ಣು ಒರೆಸಿದಳು.

ಎರಡು ತಿಂಗಳು ಅವಳು ಪೂಜೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆವು. ಅವಳು ಬೆಳೆ ತೆಗೆಯುತ್ತಿದ್ದಳು. ಅದಕ್ಕೆ ಅಳಲಿಲ್ಲ, ಅದಕ್ಕೆ ನಿಮ್ಮ ತರಗತಿಯಲ್ಲಿ ಖುಷಿಯಾಗಿದ್ದಳು. ನಾವು ಹೂಳುವ ಜನ, ಹಾಲು ಹೊಯ್ಯುವ ಜನ. ಅವಳ ಕಣ್ಣಿಗೆ ಎಲ್ಲ ಸರಿಯಾಗಿಯೇ ಹೊಂದಿತು. ಮಣ್ಣಿಗೆ ಹೋದದ್ದು ತಿರುಗಿ ಬರುತ್ತದೆ ಎಂದು ಕಲಿಸಿದವರು ನೀವು. ಅದನ್ನು ಅವಳ ತಲೆಯಿಂದ ತೆಗೆಯಬೇಕಾದವರೂ ನೀವೇ.

ಉಣ್ಣುವುದು ಉಡುವುದು ಕಲಿಸಿರಿ ಎಂದಿದ್ದೆ. ಕೇಳಲಿಲ್ಲ ನೀವು.

ಮಾಂತೇಶ

*

ಹಾವೇರಿ
23 ನವೆಂಬರ್ 2024

ಮಾಂತೇಶ ಅವರಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಲು ಆಗಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಓದಿದೆ. ರಾಣೆಬೆನ್ನೂರಿನ ಬಸ್ಸು ಬಂದು ಹೋಯಿತು. ಹತ್ತಲಿಲ್ಲ.

ತಪ್ಪು ಎಲ್ಲಿದೆ ಎಂದು ನನಗೀಗ ಗೊತ್ತು. ಬೀಜದ ಕಾರ್ಡು ಒಂದೇ ಇತ್ತು. ಊರಿದ ಬೀಜ ಬೇರೆ, ಕಾಯಿಯಲ್ಲಿ ಬಂದ ಬೀಜ ಬೇರೆ. ಊರಿದ್ದು ಮಣ್ಣಿನಲ್ಲೇ ಮುಗಿದುಹೋಗಿತ್ತು. ಎರಡು ಕಾರ್ಡು ಮಾಡಬೇಕಿತ್ತು. ಹಲಗೆಯ ಮೇಲೆ ಜಾಗ ಸಾಲದು ಎಂದು ಒಂದನ್ನೇ ಮಾಡಿದೆ. ಮಾತು ಬರುವ ಮಕ್ಕಳಾಗಿದ್ದರೆ ಬಾಯಿಮಾತಿನಲ್ಲಿ ತಿದ್ದಬಹುದಿತ್ತು. ಭುವನಾಳಿಗೆ ಕಾರ್ಡೇ ಮಾತು. ನಾನು ಅವಳಿಗೆ ಸುಳ್ಳು ಹೇಳಿದೆ, ಅವಳು ಅದನ್ನು ಚೆನ್ನಾಗಿ ಕಲಿತಳು, ನನಗೆ ಚಪ್ಪಾಳೆ ಬಿತ್ತು.

ತೆಗೆಯುವ ದಾರಿ ಇದೆ. ಎರಡು ಕುಂಡ ಇಡುತ್ತೇನೆ. ಒಂದರಲ್ಲಿ ಒಳ್ಳೆಯ ಅಲಸಂದಿ, ಇನ್ನೊಂದರಲ್ಲಿ ಹುರಿದ ಅಲಸಂದಿ. ಹಲಗೆಯನ್ನು ನಡುವೆ ಸೀಳಿ ಎರಡು ಪಾಲು ಮಾಡುತ್ತೇನೆ. ಎಡಕ್ಕೆ ಬರುವಂಥದ್ದು, ಬಲಕ್ಕೆ ಬಾರದಂಥದ್ದು. ಬಲಗಡೆ ಬಾಣ ಇರುವುದಿಲ್ಲ. ಕೆಲವು ಮಣ್ಣಿಗೆ ಹೋದರೆ ಎಷ್ಟು ನೀರು ಹಾಕಿದರೂ ಬರುವುದಿಲ್ಲ ಎಂದು ಅವಳ ಕೈಗೆ ತಿಳಿಯಬೇಕು.

ಆದರೆ ಒಂದು ಮಾತು ನೀವು ತಿಳಿದಿರಬೇಕು. ಬೇರೆ ಮಕ್ಕಳಿಗೆ ಅವ್ವ ದೇವರ ಹತ್ತಿರ ಹೋದಳು, ಆಕಾಶದ ಚಿಕ್ಕೆಯಾದಳು ಎಂದು ಏನಾದರೂ ಹೇಳಿ ಕೈಗೆ ಒಂದು ಸಮಾಧಾನ ಕೊಡುತ್ತೇವೆ. ಭುವನಾಳಿಗೆ ಹಾಗೆ ಕೊಡಲು ನನ್ನ ಹತ್ತಿರ ಕಾರ್ಡಿಲ್ಲ. ಇದನ್ನು ಅವಳಿಂದ ತೆಗೆದುಕೊಂಡರೆ ಅಲ್ಲಿ ಉಳಿಯುವುದು ಖಾಲಿ ಜಾಗವೇ. ನೀವು ಹೂಂ ಎಂದರೆ ಮಾತ್ರ ಶುರು ಮಾಡುತ್ತೇನೆ.

ಕ್ಷಮೆ ಕೇಳುವ ಮುಖವಿಲ್ಲದ,
ಪುಷ್ಪಲತಾ

*

ಬ್ಯಾಡಗಿ
25 ನವೆಂಬರ್ 2024

ಮಾಡಿರಿ.

ಮಾಂತೇಶ

*

ಹಾವೇರಿ
21 ಡಿಸೆಂಬರ್ 2024, ಶನಿವಾರ

ಮಾಂತೇಶ ಅವರಿಗೆ,

ಮುಗಿಯಿತು. ಹೇಗೆ ಮುಗಿಯಿತು ಎಂದು ನೀವು ತಿಳಿದುಕೊಳ್ಳಬೇಕು, ಏಕೆಂದರೆ ಇವತ್ತು ಮನೆಗೆ ಬರುವ ಭುವನಾ ಬೇರೆ.

ಒಳ್ಳೆಯ ಕಾಳು ನಾಲ್ಕೈದು ದಿನದಲ್ಲಿ ಮೊಳಕೆ ಬಿಟ್ಟವು. ಹುರಿದವು ಹಾಗೇ ಇದ್ದವು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಒಳ್ಳೆಯ ಕುಂಡದ ಕಡೆ ತಿರುಗಿಯೂ ನೋಡದೆ, ಹುರಿದ ಕುಂಡಕ್ಕೇ ನೀರು ಹಾಕಿದಳು. ಬಿಸಿಲಿಗೆ ಸರಿಸಿದಳು, ನೆರಳಿಗೆ ಸರಿಸಿದಳು. ತನ್ನ ಪಾಲಿನ ಹಾಲು ತಂದು ಹೊಯ್ದಳು. ಅದನ್ನು ನೋಡಿ ಮಹಮೂದಾಬೇಗಂ ನನ್ನೊಂದಿಗೆ ಜಗಳಕ್ಕೇ ಬಂದರು. "ಬಿಡ್ರಿ ಅಕ್ಕೋರೆ. ಕೂಸು ಕಾಯಾಕತ್ತೈತಿ ಅಂದ್ರ ಕಾಯಲಿ ಬಿಡ್ರಿ. ನಿಮಗೇನು ಕಳಕೊಳ್ಳೂದೈತಿ?" ಎಂದರು. ಅವಳ ಕೈ ಗದ್ದುಗೆಯೊಳಗೆ ಮೊಣಕೈತನಕ ಹೋಗಿತ್ತು ಎಂದು ನೀವು ಬರೆದಿದ್ದೊಂದೇ ನೆನಪಿಗೆ ಬರುತ್ತಿತ್ತು.

ಬುಧವಾರ ಕುಂಡವನ್ನು ಕಾಗದದ ಮೇಲೆ ಬೋರಲು ಹಾಕಿದೆ. ಕಾಳು ಕೊಳೆತಿದ್ದವು. ಅವಳು ಒಂದನ್ನು ಎತ್ತಿಕೊಂಡು ಹಿಚುಕಿದಳು. ಮೂಸಿ ನೋಡಿ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಹುರಿದ ಕಾಳಿನ ಕಾರ್ಡನ್ನು ಬಲಗಡೆಗೆ, ಬಾಣವಿಲ್ಲದ ಕಡೆಗೆ ಅಂಟಿಸಿದಳು. ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು ಎಂದು ನಾನು ಹಲಗೆ ಮುಚ್ಚಲು ಎದ್ದೆ. ಮುಂದಿನದನ್ನು ರಜೆಯ ನಂತರ, ಇನ್ನೂ ನಿಧಾನವಾಗಿ ಮಾಡೋಣ ಎಂದಿದ್ದೆ.

ಅವಳು ಏಳಲಿಲ್ಲ. ಚೀಲ ಎಳೆದುಕೊಂಡು ಅವ್ವನ ಫೋಟೊ ತೆಗೆದಳು. ನಾನು ಕೇಳಿರಲಿಲ್ಲ, ಮಾಂತೇಶ ಅವರೆ. ದೇವರಾಣೆಗೂ ಕೇಳಿರಲಿಲ್ಲ. ಮೊದಲು ಎಡಗಡೆ ಹಿಡಿದಳು. ಆಮೇಲೆ ಬಲಗಡೆ, ಕೊಳೆತ ಕಾಳಿನ ಕೆಳಗೆ ಇಟ್ಟು ಒತ್ತಿದಳು. ಒತ್ತಿ ನನ್ನ ಕಡೆ ತಿರುಗಿ ಮುಖ ನೋಡಿದಳು.

ಸರಿಯಾದ ಉತ್ತರಕ್ಕೆ ನಾನು ಹೆಬ್ಬೆರಳು ಎತ್ತಬೇಕು. ಅವಳಿಗೂ ನನಗೂ ಇರುವ ಕರಾರು ಅದು. ಎತ್ತದಿದ್ದರೆ ಉತ್ತರ ತಪ್ಪು ಎಂದಾಗುತ್ತದೆ, ಅವಳು ಫೋಟೊವನ್ನು ಎಡಕ್ಕೆ ಸರಿಸುತ್ತಾಳೆ, ಮತ್ತೆ ನೀರು ಹಾಕುತ್ತಾಳೆ. ಅವಳು ಕಾಯುತ್ತಿದ್ದಳು. ತಪ್ಪು ಎನ್ನಲಿ ಎಂದು ಕಾಯುತ್ತಿದ್ದಳು ಎಂದೇ ನನಗೆ ಅನಿಸಿತು.

ಎತ್ತಿದೆ.

ಆಗ ಅತ್ತಳು. ಮೂರು ತಿಂಗಳ ಅಳು ಅದು. ಮಹಮೂದಾಬೇಗಂ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು, ನನ್ನನ್ನು ಹತ್ತಿರ ಬರಗೊಡಲಿಲ್ಲ. ಗುರುವಾರ ನಾನು ಹಲಗೆ ತೆರೆದರೆ ಭುವನಾ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ನಿನ್ನೆಯೂ ಹಾಗೇ. ಕಾರ್ಡು ಕೈಗೆ ಕೊಟ್ಟರೆ ನೆಲಕ್ಕೆ ಬಿಡುತ್ತಾಳೆ. ಇನ್ನು ಅವಳು ನನ್ನಿಂದ ಏನನ್ನೂ ಕಲಿಯುತ್ತಾಳೆ ಎಂದು ನನಗೆ ಅನಿಸುವುದಿಲ್ಲ.

ನೀವು ಹೇಳಿದ್ದನ್ನು ಮಾಡಿದ್ದೇನೆ.

ಪುಷ್ಪಲತಾ

*

ಬ್ಯಾಡಗಿ
6 ಜನವರಿ 2025

ಅಕ್ಕೋರಿಗೆ ನಮಸ್ಕಾರ.

ರಜೆಯ ದಿನಗಳಲ್ಲೇ ಬರೆಯಬೇಕಿತ್ತು. ಆಗಲಿಲ್ಲ. ನೀವು ಮಾಡಿದ್ದು ಸರಿಯಾಗಿಯೇ ಇದೆ, ಇದನ್ನು ಮೊದಲು ಬರೆದುಬಿಡುತ್ತೇನೆ. ನಾನು ಹೇಳಿದ್ದಕ್ಕೇ ಮಾಡಿದಿರಿ. ನಿಮ್ಮ ಮೇಲೆ ಸಿಟ್ಟಿಲ್ಲ.

ಅವಳು ಬಂದ ಮರುದಿನ ಭಾನುವಾರ. ನಮ್ಮವ್ವ ರೂಢಿಯಂತೆ ಕ್ಯಾನು ತುಂಬಿ ಬಾಗಿಲಲ್ಲಿ ಇಟ್ಟಳು. ನಾನು ಗಾಡಿ ಹೊರಗೆ ತೆಗೆದು ನಿಂತೆ. ಭುವನಾ ಹೊರಗೆ ಬಂದು ಕ್ಯಾನು ನೋಡಿದಳು, ನನ್ನನ್ನು ನೋಡಿದಳು. ಕೈ ತಿರುಗಿಸಿ ಬರಿಯ ಅಂಗೈ ತೋರಿಸಿದಳು. ಇಲ್ಲ ಅನ್ನುವುದಕ್ಕೆ ಅವಳು ಹಾಗೆ ಮಾಡುತ್ತಾಳೆ. ಒಳಗೆ ಹೋಗಿ ಮಲಗಿದಳು. ನಮ್ಮವ್ವ, "ತಿಳೀತಲ್ಲೋ, ಆಕಿಗೆ ತಿಳೀತು" ಎಂದು ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ನಿನ್ನೆಯೂ ಹಾಗೇ ಆಯಿತು.

ನಾನೊಬ್ಬನೇ ಹೋಗೋಣ ಎಂದು ಕ್ಯಾನು ಎತ್ತಿಕೊಂಡೆ. ಗಾಡಿಗೆ ಕಟ್ಟಿಯೂ ಆಯಿತು. ಆಮೇಲೆ ಬಿಚ್ಚಿ ಕೆಳಗಿಟ್ಟೆ. ನಾನು ನೀರು ಹಾಕಿ ಏನು ಮಾಡಲಿ? ನನಗೆ ಎಲ್ಲ ಗೊತ್ತಿದೆಯಲ್ಲ.

ಅಕ್ಕೋರೆ, ಒಂದು ಮಾತು ಯಾರಿಗೂ ಹೇಳಿಲ್ಲ. ಅವಳು ನೀರು ಹಾಕುತ್ತಿದ್ದ ಭಾನುವಾರಗಳಲ್ಲಿ ನಾನು ಹಿಂದೆ ನಿಂತಿರುತ್ತಿದ್ದೆ. ಅವಳು ಎಷ್ಟು ಖಾತ್ರಿಯಿಂದ ಹಾಕುತ್ತಿದ್ದಳು ಎಂದರೆ, ಹೊಲದಿಂದ ಮನೆಗೆ ಬಂದ ಮೇಲೂ ಒಂದು ಗಳಿಗೆ ನನಗೆ ಅಡಿಗೆಮನೆಯ ಕಡೆ ನೋಡಬೇಕು ಅನಿಸುತ್ತಿತ್ತು. ಹುಚ್ಚು ಎಂದು ನನಗೂ ಗೊತ್ತು. ಆದರೆ ಆ ಒಂದು ಗಳಿಗೆಯ ಸಲುವಾಗಿ ನಾನು ವಾರವೆಲ್ಲ ಅಂಗಡಿ ತೆರೆಯುತ್ತಿದ್ದೆ. ನಿಮಗೆ "ಮಾಡಿರಿ" ಎಂದು ಬರೆದಾಗ ಅದು ನನಗೆ ತಿಳಿದಿರಲಿಲ್ಲ.

ಇವತ್ತು ಅವಳನ್ನು ಮಹಮೂದಾಬೇಗಂ ಜೊತೆ ಕಳಿಸುತ್ತಿದ್ದೇನೆ. ಉಣ್ಣುತ್ತಾಳೆ, ಉಡುತ್ತಾಳೆ, ಹೇಳಿದಲ್ಲಿ ಕೂರುತ್ತಾಳೆ. ಕಲಿಸಿದರೆ ಕಲಿಸಿರಿ, ಬಿಟ್ಟರೆ ಬಿಡಿರಿ. ನಾನು ಕೇಳುವುದಿಲ್ಲ.

ಇಷ್ಟು ದಿನ ನಮ್ಮ ಮನೆಯಲ್ಲಿ ನಾಗಲಕ್ಷ್ಮಿಯ ದಾರಿ ಕಾಯುವವಳು ಒಬ್ಬಳಿದ್ದಳು. ಈಗ ಯಾರೂ ಇಲ್ಲ.

ಮಾಂತೇಶ